ಎದೆಯ ಕೆಚ್ಚು

ಕನ್ನಡದಲ್ಲಿ ‘ಕೆಚ್ಚು’ ಎಂಬುದೊಂದು ಹಳೆಯ ಮಾತಿದೆ. ಕೆಚ್ಚೆದೆ, ಕೆಚ್ಚಿನ ನುಡಿ, ಕೆಚ್ಚುಳ್ಳವನು ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ರಣರಂಗದ ವೀರನ ಚಿತ್ರ. ಆದರೆ ನಿಘಂಟನ್ನು ತೆರೆದು ನೋಡಿದರೆ ಆ ಪದಕ್ಕೆ ಇನ್ನೊಂದು ಅರ್ಥವೂ ಕಾಣುತ್ತದೆ: ಮರದ ಒಳಗಿನ ಗಟ್ಟಿಯಾದ ತಿರುಳು. ಮನೆ ಕಟ್ಟಿಸುವಾಗ ಬಾಗಿಲವಾಡಕ್ಕೆ ಮರ ಆರಿಸಲು ಹೋದ ಯಾರಿಗಾದರೂ ಈ ಅರ್ಥ ಗೊತ್ತು. ಬಡಗಿ ಹಲಗೆಯನ್ನು ಬೆರಳಿನಿಂದ ತಟ್ಟಿ, ಬಣ್ಣ ನೋಡಿ, ಇದರಲ್ಲಿ ಕೆಚ್ಚು ಚೆನ್ನಾಗಿದೆ, ಹುಳು ಹಿಡಿಯುವುದಿಲ್ಲ ಎನ್ನುತ್ತಾನೆ. ಮನುಷ್ಯನ ಎದೆಗೂ ಮರದ ತಿರುಳಿಗೂ ಒಂದೇ ಮಾತನ್ನು ಇಟ್ಟ ನಮ್ಮ ಹಿರಿಯರು ಏನನ್ನು ಕಂಡು ಹೀಗೆ ಮಾಡಿದರು ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಎಳೆಯ ಮರದಲ್ಲಿ ಕೆಚ್ಚು ಇರುವುದಿಲ್ಲ. ಆಗ ಕಾಂಡವೆಲ್ಲ ಬಿಳುಪು, ಎಲ್ಲೆಲ್ಲೂ ನೀರು ಹರಿಯುತ್ತಿರುತ್ತದೆ. ವರ್ಷದ ಮೇಲೆ ವರ್ಷ ಉರುಳಿದಂತೆ ಒಳಗಿನ ಉಂಗುರಗಳು ನೀರು ಸಾಗಿಸುವ ಕೆಲಸವನ್ನು ನಿಲ್ಲಿಸುತ್ತವೆ. ಅಲ್ಲಿ ಅಂಟು, ಒಗರು, ಬಣ್ಣದ ಸತ್ತ್ವಗಳು ಸೇರಿಕೊಳ್ಳುತ್ತವೆ. ತೇಗ, ಹೊನ್ನೆ, ಬೀಟೆಗಳ ಒಡಲಿನಲ್ಲಿ ನಾವು ಮೆಚ್ಚುವ ಗಾಢವಾದ ಬಣ್ಣ ಬರುವುದು ಹೀಗೆ. ಕೆಚ್ಚು ಹೊರಗಿನಿಂದ ಬಳಿದ ಬಣ್ಣವಲ್ಲ, ಮೇಲೆ ಹೊದಿಸಿದ ಕವಚವೂ ಅಲ್ಲ. ಅದು ನಿಧಾನವಾಗಿ, ಒಳಗೆ, ಯಾರಿಗೂ ಕಾಣದಂತೆ ಕಟ್ಟಿಕೊಳ್ಳುವ ವಸ್ತು. ಮನಸ್ಥೈರ್ಯದ ವಿಷಯದಲ್ಲಿ ಇಂದು ನಾನು ಹೇಳಬೇಕೆಂದಿರುವುದೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನೊಳಗೇ ಅಡಗಿದೆ.

ಕಷ್ಟದಲ್ಲಿರುವವರ ಮನೆಗೆ ಹೋದಾಗ ನಾವೆಲ್ಲರೂ ಆಡುವ ಮಾತು ಒಂದೇ: “ಧೈರ್ಯ ತಂದುಕೊಳ್ಳಿ.” ಕೆಲಸ ಕಳೆದುಕೊಂಡವನಿಗೆ, ಸಾಲ ತೀರಿಸಲಾಗದ ರೈತನಿಗೆ, ಪರೀಕ್ಷೆಯಲ್ಲಿ ನಪಾಸಾದ ಹುಡುಗಿಗೆ, ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ಎಲ್ಲರಿಗೂ ಇದೇ ಮಾತು. ಎಲ್ಲಿಂದ ತಂದುಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಧೈರ್ಯವೆಂಬುದು ಅಂಗಡಿಯಲ್ಲಿ ಸಿಗುವ ಪದಾರ್ಥವಾಗಿದ್ದರೆ ಆ ಮಾತಿಗೆ ಅರ್ಥವಿರುತ್ತಿತ್ತು. ಮೂವತ್ತಮೂರು ವರ್ಷ ಕಾಲೇಜುಗಳಲ್ಲಿ ಪಾಠ ಹೇಳಿದವನು ನಾನು. ಫಲಿತಾಂಶದ ಪಟ್ಟಿಯ ಮುಂದೆ ನಿಂತ ಎಳೆಯ ಮುಖಗಳನ್ನು ಪ್ರತಿ ವರ್ಷವೂ ನೋಡಿದ್ದೇನೆ. ಆ ಹೊತ್ತಿನಲ್ಲಿ ಬುದ್ಧಿವಾದ ಕಿವಿಯ ಒಳಗೆ ಇಳಿಯುವುದಿಲ್ಲ. ಗಾಳಿ ಬೀಸತೊಡಗಿದ ಮೇಲೆ ಮರಕ್ಕೆ ಕೆಚ್ಚು ಕಟ್ಟಿಸಲಾಗದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಗಟ್ಟಿ ಮನಸ್ಸೆಂದರೆ ಕಲ್ಲು ಮನಸ್ಸು, ಅಳದಿರುವುದೇ ಧೈರ್ಯ ಎಂದು ನಮ್ಮಲ್ಲಿ ಅನೇಕರು, ಅದರಲ್ಲೂ ಗಂಡಸರು, ನಂಬಿದ್ದಾರೆ. ನಮ್ಮ ಕಾವ್ಯಗಳು ಹಾಗೆ ಹೇಳುವುದಿಲ್ಲ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನು ಓದಿದವರು ಮಗ ಲೋಹಿತಾಶ್ವನ ಶವದ ಮುಂದೆ ಚಂದ್ರಮತಿ ಗೋಳಾಡುವ ಪ್ರಸಂಗವನ್ನು ಮರೆಯಲಾರರು. ಆ ಗೋಳು ಆಕೆಯ ಅಧೈರ್ಯವೆಂದು ಯಾವ ಓದುಗನಿಗೂ ತೋರುವುದಿಲ್ಲ. ಹರಿಶ್ಚಂದ್ರನ ಸತ್ಯನಿಷ್ಠೆಗೆ ಬೆಲೆ ಬರುವುದು ಅವನಿಗೆ ನೋವಾಗದಿರುವುದರಿಂದಲ್ಲ, ಅಷ್ಟೊಂದು ನೋವಾಗಿಯೂ ಅವನು ಹಿಡಿದದ್ದನ್ನು ಬಿಡದಿರುವುದರಿಂದ. ನೋವೇ ಇಲ್ಲದವನ ದೃಢತೆ ಬಂಡೆಯ ದೃಢತೆ. ಅದನ್ನು ಕುರಿತು ಯಾರೂ ಕಾವ್ಯ ಬರೆಯುವುದಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನವೂ ಇದೆ. ವರಕವಿ ಬೇಂದ್ರೆಯವರ ಬಾಳನ್ನು ಬಲ್ಲವರಿಗೆ ಅವರು ಎಷ್ಟು ಮಕ್ಕಳ ಸಾವನ್ನು ಕಣ್ಣಾರೆ ಕಂಡರೆಂಬುದು ಗೊತ್ತು. 1930ರ ದಶಕದ ಮೊದಲಿನಲ್ಲಿ ‘ನರಬಲಿ’ ಕವಿತೆಗಾಗಿ ಅವರು ಸೆರೆಮನೆಯನ್ನೂ ಕಂಡರು, ಅನಂತರ ನಿರುದ್ಯೋಗವನ್ನೂ ಕಂಡರು. ಅವರು ದುಃಖವನ್ನು ನುಂಗಿ ಮೌನವಾಗಲಿಲ್ಲ. ‘ಸಖೀಗೀತ’ದಲ್ಲಿ ಗಂಡಹೆಂಡಿರು ಕೂಡಿ ಉಂಡ ಸಂಕಟಗಳಿಗೆಲ್ಲ ಮಾತು ಕೊಟ್ಟರು. ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆಯನ್ನು ಕೇಳಿ ಕಣ್ಣು ತೇವವಾಗದ ಕನ್ನಡಿಗ ವಿರಳ. 1973ರಲ್ಲಿ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಾಗ ಹಿಗ್ಗಿದ ನಾಡು, ಆ ಕಾವ್ಯದ ಹಿಂದಿನ ಕಣ್ಣೀರನ್ನೂ ಮರೆತಿರಲಿಲ್ಲ. ಅತ್ತೂ ಮುರಿಯದಿರಬಹುದು, ಅತ್ತದ್ದರಿಂದಲೇ ಮುರಿಯದೆ ಉಳಿಯಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಒತ್ತಡದ ಮಾತು. ಎಂಜಿನಿಯರರು ಸೇತುವೆಯ ತೊಲೆಯ ಮೇಲೆ ಬೀಳುವ ಒತ್ತಡದ ಲೆಕ್ಕ ಹಾಕುತ್ತಾರೆ. ಅದೇ ಪದವನ್ನು ಮನುಷ್ಯದೇಹಕ್ಕೆ ಅನ್ವಯಿಸಿ ಪ್ರಚಾರಕ್ಕೆ ತಂದವನು ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪತ್ರವನ್ನು ಅವನು ಪ್ರಕಟಿಸಿದ. ಚಳಿಯಾಗಲಿ, ವಿಷವಾಗಲಿ, ಅತಿಯಾದ ದುಡಿಮೆಯಾಗಲಿ, ಕಾರಣ ಯಾವುದಾದರೂ ದೇಹದ ಪ್ರತಿಕ್ರಿಯೆ ಬಹುಮಟ್ಟಿಗೆ ಒಂದೇ ಬಗೆಯದೆಂದು ಅವನು ಕಂಡ. ಅದಕ್ಕೆ ಮೂರು ಹಂತಗಳಿವೆ ಎಂದ. ಮೊದಲನೆಯದು ಗಾಬರಿಯ ಎಚ್ಚರ, ಎರಡನೆಯದು ಎದುರಿಸಿ ನಿಲ್ಲುವುದು, ಮೂರನೆಯದು ಬಳಲಿ ಕುಸಿಯುವುದು. ಸೆಲ್ಯೆಯ ಸಿದ್ಧಾಂತವನ್ನು ಮುಂದಿನ ವಿಜ್ಞಾನಿಗಳು ಹಲವು ಕಡೆ ತಿದ್ದಿದ್ದಾರೆ. ಆದರೂ ಅದರಲ್ಲಿ ಸಾಮಾನ್ಯರಿಗೆ ಬೇಕಾದ ಒಂದು ತಿಳಿವು ಉಳಿದಿದೆ. ಕೇಡು ಮಾಡುವುದು ಒತ್ತಡ ಮಾತ್ರವಲ್ಲ, ಬಿಡುವಿಲ್ಲದ ಒತ್ತಡ. ಎದೆ ಡವಗುಟ್ಟುವುದು, ಅಂಗೈ ಬೆವರುವುದು ಹೇಡಿತನದ ಗುರುತಲ್ಲ. ದೇಹ ಕೆಲಸಕ್ಕೆ ಸಿದ್ಧವಾಗುತ್ತಿದೆ ಎಂಬುದರ ಗುರುತು ಅದು. ಆ ಸಿದ್ಧತೆ ಇಳಿಯಲು ಅವಕಾಶವೇ ಸಿಗದಿದ್ದಾಗ ಮಾತ್ರ ಮನುಷ್ಯ ಮೂರನೆಯ ಹಂತಕ್ಕೆ ಜಾರುತ್ತಾನೆ.

ಮತ್ತೆ ಮರದ ಕಡೆಗೆ ಬರುತ್ತೇನೆ. 1803ರಲ್ಲಿ ಇಂಗ್ಲೆಂಡಿನ ತೋಟಗಾರಿಕೆಯ ಪಂಡಿತ ಥಾಮಸ್ ಆಂಡ್ರ್ಯೂ ನೈಟ್ ಎಂಬಾತ ಒಂದು ಸರಳವಾದ ಪ್ರಯೋಗವನ್ನು ವರದಿ ಮಾಡಿದ. ಎಳೆಯ ಸೇಬಿನ ಗಿಡಗಳಲ್ಲಿ ಕೆಲವನ್ನು ಅಲುಗದಂತೆ ಊರುಗೋಲಿಗೆ ಕಟ್ಟಿದ. ಕೆಲವನ್ನು ಗಾಳಿಗೆ ತೂಗಾಡಲು ಬಿಟ್ಟ. ತೂಗಾಡಿದ ಗಿಡಗಳ ಕಾಂಡ ಹೆಚ್ಚು ದಪ್ಪವಾಯಿತು. ಉತ್ತರದಕ್ಷಿಣವಾಗಿ ಮಾತ್ರ ಅಲುಗಲು ಬಿಟ್ಟ ಗಿಡದ ಕಾಂಡ ಆ ದಿಕ್ಕಿನಲ್ಲೇ ಹೆಚ್ಚು ಬೆಳೆಯಿತು. ಗಾಳಿ ಯಾವ ಕಡೆಯಿಂದ ಬೀಸುವುದೋ ಆ ಕಡೆಗೆ ಗಿಡ ತನ್ನ ಬಲವನ್ನು ಕೂಡಿಸಿಕೊಳ್ಳುತ್ತದೆ. ಎಲ್ಲ ಕಷ್ಟದಿಂದಲೂ ಮಕ್ಕಳನ್ನು ಮರೆಮಾಡಿ ಬೆಳೆಸುವ ತಾಯಿತಂದೆಗಳು ಈ ಸೇಬಿನ ಗಿಡವನ್ನು ನೆನೆಯಬೇಕು. ಆದರೆ ಅದರ ಜೊತೆಗೆ ಇನ್ನೊಂದನ್ನೂ ನೆನೆಯಬೇಕು. ನೈಟ್ ಗಿಡಗಳನ್ನು ಗಾಳಿಗೆ ಬಿಟ್ಟನೇ ಹೊರತು ಬುಡ ಹಿಡಿದು ಕಿತ್ತು ನೋಡಲಿಲ್ಲ. ‘ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ’ ಎಂಬ ಮಾತು ಅರ್ಧ ಸತ್ಯ. ತಾಳಬಹುದಾದ ಕಷ್ಟ, ನಡುನಡುವೆ ಬಿಡುವು, ಬೇರಿಗೆ ಮಣ್ಣು, ಈ ಮೂರೂ ಕೂಡಿದರೆ ಗಟ್ಟಿತನ ಬರುತ್ತದೆ. ಇಲ್ಲದಿದ್ದರೆ ಗಿಡ ಮುರಿಯುತ್ತದೆ.

ಹೇಳಲಾಗದಷ್ಟು ದೊಡ್ಡ ಒತ್ತಡದಲ್ಲಿ ಮನುಷ್ಯರು ಹೇಗೆ ಬಾಳಿದರು ಎಂಬುದಕ್ಕೆ ನಾನು ಮತ್ತೆ ಮತ್ತೆ ಓದಿರುವ ಕಥೆಯೊಂದಿದೆ. ಅದು ದಕ್ಷಿಣಧ್ರುವದ ಹಿಮಸಾಗರದ ಕಥೆ. ಅರ್ನೆಸ್ಟ್ ಷ್ಯಾಕಲ್ಟನ್ ಎಂಬ ನಾಯಕ 1914ರಲ್ಲಿ ‘ಎಂಡ್ಯೂರೆನ್ಸ್’ ಎಂಬ ಹಡಗಿನಲ್ಲಿ ಅಂಟಾರ್ಕ್ಟಿಕ್ ಖಂಡದತ್ತ ಹೊರಟ. ಹಡಗಿನ ಹೆಸರಿನ ಅರ್ಥವೇ ತಾಳಿಕೆ. 1915ರ ಜನವರಿಯಲ್ಲಿ ಹಡಗು ಹಿಮದಲ್ಲಿ ಸಿಕ್ಕಿಕೊಂಡಿತು, ಅಕ್ಟೋಬರಿನ ಹೊತ್ತಿಗೆ ಹಿಮದ ಹಿಡಿತಕ್ಕೆ ನುಗ್ಗಾಯಿತು, ನವೆಂಬರಿನಲ್ಲಿ ಮುಳುಗಿಯೇ ಹೋಯಿತು. ಸಂಪರ್ಕದ ಸಾಧನವಿಲ್ಲದೆ, ತೇಲುವ ಹಿಮದ ಮೇಲೆ ಉಳಿದವರು 28 ಮಂದಿ. ಖಂಡವನ್ನು ದಾಟುವ ಗುರಿ ಅಂದೇ ಸತ್ತಿತು. ಷ್ಯಾಕಲ್ಟನ್ ಅದಕ್ಕಾಗಿ ಕೊರಗುತ್ತ ಕುಳಿತುಕೊಳ್ಳದೆ ಗುರಿಯನ್ನೇ ಬದಲಾಯಿಸಿದ: ಇನ್ನು ಎಲ್ಲರನ್ನೂ ಜೀವಂತವಾಗಿ ಮನೆಗೆ ಮುಟ್ಟಿಸಬೇಕು.

ಅವನು ಮಾಡಿದ್ದೆಲ್ಲ ಸಣ್ಣ ಸಣ್ಣ ಕೆಲಸಗಳು. ಒಬ್ಬೊಬ್ಬರೂ ಎರಡು ಪೌಂಡು ತೂಕದ ಸ್ವಂತ ಸಾಮಾನನ್ನು ಮಾತ್ರ ಇಟ್ಟುಕೊಳ್ಳಬೇಕೆಂದು ಆಜ್ಞೆ ಮಾಡಿದ. ತನ್ನ ಚಿನ್ನದ ನಾಣ್ಯಗಳನ್ನು ಎಲ್ಲರ ಮುಂದೆ ಹಿಮದ ಮೇಲೆ ಎಸೆದ. ಆದರೆ ಒಬ್ಬ ಸಂಗಡಿಗನ ಬ್ಯಾಂಜೊ ವಾದ್ಯವನ್ನು, ಅದು ಭಾರವಾಗಿದ್ದರೂ, ಬಿಡಕೂಡದೆಂದ. ಮನಸ್ಸಿಗೆ ಅದು ಔಷಧ ಎಂಬುದು ಅವನ ಎಣಿಕೆ. ಊಟದ ಹೊತ್ತು, ಪಹರೆಯ ಹೊತ್ತು, ಹಾಡಿನ ಹೊತ್ತು ತಪ್ಪದಂತೆ ನೋಡಿಕೊಂಡ. ಗೊಣಗುವವರನ್ನು ದೂರ ಇಡದೆ ತನ್ನ ಗುಡಾರದಲ್ಲೇ ಮಲಗಿಸಿಕೊಂಡ. 1916ರ ಏಪ್ರಿಲಿನಲ್ಲಿ ಹೇಗೋ ಎಲಿಫೆಂಟ್ ದ್ವೀಪವನ್ನು ಮುಟ್ಟಿದ ಮೇಲೆ, 22 ಜನರನ್ನು ಅಲ್ಲಿ ಬಿಟ್ಟು, ಐವರೊಡನೆ ಇಪ್ಪತ್ತೆರಡೂವರೆ ಅಡಿಯ ದೋಣಿಯಲ್ಲಿ, ಜಗತ್ತಿನಲ್ಲೇ ಅತ್ಯಂತ ರುದ್ರವಾದ ಕಡಲಿನ ಮೇಲೆ ಸುಮಾರು 800 ಮೈಲಿ ಸಾಗಿ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ತಲುಪಿದ. ಅಲ್ಲಿಯೂ ಹಿಮಪರ್ವತಗಳನ್ನು ಕಾಲ್ನಡಿಗೆಯಲ್ಲಿ ದಾಟಬೇಕಾಯಿತು.

ಈ ದೋಣಿಯ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮನಸ್ಸು ಹೋಗುವುದು ಕಾದು ಕುಳಿತ ಆ 22 ಜನರ ಕಡೆಗೆ. ಎರಡು ದೋಣಿಗಳನ್ನು ಬೋರಲು ಹಾಕಿ ಅದರ ಅಡಿಯಲ್ಲಿ ಅವರು ನಾಲ್ಕು ತಿಂಗಳಿಗೂ ಮಿಕ್ಕಿ ಬಾಳಿದರು. ಹಿಮಕ್ಕೆ ಕೊಳೆತ ಒಬ್ಬ ತರುಣನ ಕಾಲ್ಬೆರಳುಗಳನ್ನು ಜೊತೆಯ ವೈದ್ಯರು ಅಲ್ಲೇ ಕತ್ತರಿಸಿದರು. ಅವರ ಮುಖ್ಯಸ್ಥ ಫ್ರ್ಯಾಂಕ್ ವೈಲ್ಡ್ ದಿನ ಬೆಳಗಾದರೆ ಎಲ್ಲರಿಗೂ ಹಾಸಿಗೆ ಸುತ್ತಿಡಲು ಹೇಳುತ್ತಿದ್ದ, ಇಂದು ನಾಯಕ ಬಂದರೂ ಬರಬಹುದು ಎನ್ನುತ್ತಿದ್ದ. ಬಂದೇ ಬರುತ್ತಾನೆ ಎಂದು ಆಣೆಯಿಟ್ಟು ಹೇಳಲಿಲ್ಲ. ಬರಬಹುದು ಎಂದ, ಬಂದರೆ ಸಿದ್ಧವಾಗಿರೋಣ ಎಂದ. ಅಲ್ಲಿಗೆ ತಲುಪಲು ಷ್ಯಾಕಲ್ಟನ್ ಮಾಡಿದ ಮೂರು ಪ್ರಯತ್ನಗಳು ಹಿಮದಿಂದಾಗಿ ವಿಫಲವಾದವು. ನಾಲ್ಕನೆಯ ಸಲ, 1916ರ ಆಗಸ್ಟ್ 30ರಂದು, ಚಿಲಿ ದೇಶದ ಒಂದು ಪುಟ್ಟ ಹಡಗಿನಲ್ಲಿ ಬಂದು 22 ಜನರನ್ನೂ ಜೀವಂತವಾಗಿ ಕರೆದೊಯ್ದ. ಸತ್ಯಕ್ಕೆ ಕುಂದು ಬರಬಾರದೆಂದು ಇದನ್ನೂ ಹೇಳಬೇಕು: ಖಂಡದ ಇನ್ನೊಂದು ಮಗ್ಗುಲಲ್ಲಿದ್ದ ಅದೇ ಯಾತ್ರೆಯ ಬೇರೊಂದು ತಂಡದಲ್ಲಿ ಮೂವರು ಸತ್ತರು. ಕೆಚ್ಚು ಎಲ್ಲ ಸಾವನ್ನೂ ತಡೆಯುವ ಮಂತ್ರವಲ್ಲ. ಮುಳುಗಿದ ಆ ಹಡಗು 2022ರ ಮಾರ್ಚಿಯಲ್ಲಿ, ಸುಮಾರು ಮೂರು ಸಾವಿರ ಮೀಟರ್ ಆಳದಲ್ಲಿ, ಪತ್ತೆಯಾಯಿತು.

ಹಾಸಿಗೆ ಸುತ್ತಿಡುವ ಆ ಕೆಲಸವನ್ನು ನೋಡಿ. ಅದರಿಂದ ಹಿಮ ಕರಗಲಿಲ್ಲ, ಹಡಗು ಬರಲಿಲ್ಲ. ಆದರೆ ಒಂದು ದಿನಕ್ಕೆ ಒಂದು ಆರಂಭ ದೊರೆಯಿತು. ನಾಳೆಯ ಭಾರವನ್ನೆಲ್ಲ ಇಂದೇ ಹೊರದೆ, ಇಂದಿನ ಪಾಲನ್ನು ಮಾತ್ರ ಹೊರುವುದಕ್ಕೆ ಅದೊಂದು ಉಪಾಯ. ಗ್ರೀಕ್ ಭಾಷೆಯಲ್ಲಿ ಬೋಧಿಸಿದ ಎಪಿಕ್ಟೆಟಸ್ ಎಂಬ ತತ್ತ್ವಜ್ಞಾನಿ ಒಂದು ಕಾಲಕ್ಕೆ ರೋಮಿನಲ್ಲಿ ಗುಲಾಮನಾಗಿದ್ದವನು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ಬೇರ್ಪಡಿಸುವುದೇ ಅವನ ಬೋಧೆಯ ಮೊದಲ ಪಾಠ. ಎರಡು ಸಾವಿರ ವರ್ಷಕ್ಕೆ ಸಮೀಪದ ಹಳೆಯ ಮಾತು. ಆದರೆ ಪ್ರತಿಯೊಬ್ಬರೂ ಹೊಸದಾಗಿ ಕಲಿಯಬೇಕಾದ ಮಾತು.

ಇದನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ನನ್ನ ಪತ್ನಿಯಿಂದ ಕಲಿತೆ. ನಾನು ನಿವೃತ್ತನಾದ ಮರುವರ್ಷವೇ ಆಕೆಗೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಬಿದ್ದುಹೋದವು. ಮೊದಲ ತಿಂಗಳು ಆಕೆ ಅತ್ತದ್ದೇ ಹೆಚ್ಚು. ಯಾರು ಧೈರ್ಯ ಹೇಳಿದರೂ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ಒಂದು ದಿನ ಹಾಲಿನ ಲೆಕ್ಕದ ಪುಸ್ತಕವನ್ನು ಕೇಳಿದಳು. ಮೂವತ್ತು ವರ್ಷ ಆ ಲೆಕ್ಕ ಬರೆದವಳು ಆಕೆಯೇ. ಎಡಗೈಯಿಂದ ಒಂದು ಅಂಕಿ ಬರೆದಳು. ಅದು ಎರಡೋ ಮೂರೋ ತಿಳಿಯುವಂತಿರಲಿಲ್ಲ. ಮರುದಿನ ಮತ್ತೆ ಬರೆದಳು. ಹದಿನಾಲ್ಕು ತಿಂಗಳ ಆ ಪುಸ್ತಕ ನನ್ನ ಕಪಾಟಿನಲ್ಲಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಂಕಿಗಳು ನೇರವಾಗುತ್ತ ಹೋಗುವುದನ್ನು ನೋಡಬಹುದು. ಬಲಗೈ ಪೂರ್ತಿಯಾಗಿ ಮರಳಲಿಲ್ಲ. ಆದರೆ ಮನೆಯಲ್ಲಿ ತನ್ನ ಸ್ಥಾನವನ್ನು ಆಕೆ ಎಡಗೈಯಿಂದ ಮತ್ತೆ ಪಡೆದಳು. ಕೆಚ್ಚು ಹೇಗೆ ಕಟ್ಟುತ್ತದೆಂದು ಯಾರಾದರೂ ಕೇಳಿದರೆ ನಾನು ಆ ಪುಸ್ತಕವನ್ನು ತೋರಿಸಬಲ್ಲೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಗಟ್ಟಿತನ ಕೆಲವರಿಗೆ ಹುಟ್ಟಿನಿಂದ ಬರುವುದೇ? ಒಬ್ಬಂಟಿಯಾಗಿ ಸಾಧಿಸಬಹುದಾದುದೇ? ಹವಾಯಿ ದ್ವೀಪಸಮೂಹದ ಕೌಆಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬಾಳನ್ನು ಎಮ್ಮಿ ವೆರ್ನರ್ ಎಂಬ ಮನೋವಿಜ್ಞಾನಿ ಮತ್ತು ಆಕೆಯ ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ಅಭ್ಯಾಸ ಮಾಡಿದರು. ಅವರಲ್ಲಿ ಸುಮಾರು ಇನ್ನೂರು ಮಕ್ಕಳು ಬಡತನ, ಮನೆಯ ಜಗಳ, ತಾಯಿತಂದೆಯರ ಕುಡಿತ ಅಥವಾ ಕಾಯಿಲೆ ಮುಂತಾದ ಹಲವು ಕಷ್ಟಗಳ ನಡುವೆ ಬೆಳೆದವರು. ಅಂಥವರೆಲ್ಲ ಕೆಟ್ಟೇ ಹೋಗುತ್ತಾರೆಂಬುದು ಲೋಕದ ನಂಬಿಕೆ. ಆದರೆ ಅವರಲ್ಲಿ ಮೂರರಲ್ಲಿ ಒಂದು ಪಾಲು ಸಮರ್ಥರೂ ಸ್ನೇಹಪರರೂ ಆಗಿ ಬೆಳೆದರು. ಕೆಲವರಿಗೆ ಹುಟ್ಟಿನಿಂದಲೇ ಬಂದ ಹಸನ್ಮುಖದ ಸ್ವಭಾವ ನೆರವಾಗಿತ್ತು, ನಿಜ. ಆದರೆ ಇವರ ಬಾಳಿನಲ್ಲಿ ಎದ್ದು ಕಂಡ ಸಂಗತಿ ಇನ್ನೊಂದು: ಅವರನ್ನು ನಂಬಿದ, ಕೈಬಿಡದ ಒಬ್ಬ ಹಿರಿಯ ಜೀವ. ಅದು ತಾಯಿಯೋ ತಂದೆಯೋ ಆಗಿರಲೇಬೇಕಾಗಿರಲಿಲ್ಲ. ಅಜ್ಜಿಯಾಗಬಹುದು, ನೆರೆಯವರಾಗಬಹುದು, ಶಾಲೆಯ ಉಪಾಧ್ಯಾಯರಾಗಬಹುದು.

ಆ ಅಭ್ಯಾಸದಲ್ಲಿ ಇನ್ನೂ ಸಮಾಧಾನದ ಮಾತೊಂದಿದೆ. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿಯೂ ಹೆಚ್ಚಿನವರು ಮೂವತ್ತು, ನಲವತ್ತರ ವಯಸ್ಸಿಗೆ ಬಾಳನ್ನು ಸರಿಪಡಿಸಿಕೊಂಡಿದ್ದರು. ಮತ್ತೆ ಓದುವ ಅವಕಾಶ, ಒಂದು ಉದ್ಯೋಗ, ಒಳ್ಳೆಯ ದಾಂಪತ್ಯ, ಯಾವುದೋ ಒಂದು ನಂಬಿಕೆ ಅವರ ಕೈಹಿಡಿದಿತ್ತು. ಆದ್ದರಿಂದ ಹದಿನೇಳನೆಯ ವಯಸ್ಸಿನ ಒಂದು ಅಂಕಪಟ್ಟಿಯನ್ನು ಹಿಡಿದು ಯಾರ ಹಣೆಬರಹವನ್ನೂ ಓದಬೇಡಿ. ಫಲಿತಾಂಶ ಬಂದ ದಿನ ಮಗುವಿಗೆ ಬೇಕಾಗುವುದು ಉಪದೇಶವಲ್ಲ, ಪಕ್ಕದ ಮನೆಯ ಹುಡುಗನ ಅಂಕಗಳ ವರದಿಯೂ ಅಲ್ಲ. “ಊಟಕ್ಕೆ ಏಳಪ್ಪ, ನಾಳೆ ಕೂತು ಮಾತಾಡೋಣ” ಎನ್ನುವ ಒಂದು ಧ್ವನಿ. ಆ ಧ್ವನಿ ನಿಮ್ಮದಾಗಲಿ.

ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ಈ ಭಾಷಣ ಅಪಾಯಕರವಾದೀತು. ನಮ್ಮಲ್ಲಿ ತಾಳ್ಮೆಯ ಉಪದೇಶ ಯಾವಾಗಲೂ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಅತ್ತೆಯ ಮನೆಯಲ್ಲಿ ಏಟು ತಿಂದು ಬಂದ ಮಗಳಿಗೆ ಗಟ್ಟಿಯಾಗಿರು ಎನ್ನುತ್ತೇವೆ. ಹಗಲುರಾತ್ರಿ ದುಡಿಸಿಕೊಳ್ಳುವ ಧಣಿ ದುಡಿಯುವವನಿಗೆ ಸೈರಣೆಯ ಪಾಠ ಹೇಳುತ್ತಾನೆ. ಇದು ಕೆಚ್ಚಿನ ಹೆಸರಿನಲ್ಲಿ ನಡೆಯುವ ವಂಚನೆ. ಹೊರೆಯನ್ನು ಇಳಿಸಲು ಸಾಧ್ಯವಿರುವಾಗ ಬೆನ್ನನ್ನು ಹೊಗಳಬಾರದು. ಅನ್ಯಾಯವನ್ನು ತಾಳುವುದು ಮಾತ್ರವೇ ಕೆಚ್ಚಲ್ಲ. ಸಾಕು ಎಂದು ಎದ್ದು ಹೊರಗೆ ಬರುವುದೂ ಕೆಚ್ಚೇ, ಅನೇಕ ವೇಳೆ ಹೆಚ್ಚಿನ ಕೆಚ್ಚು.

ನೆರವು ಕೇಳುವುದೂ ಹಾಗೆಯೇ. ಕಾಲು ಮುರಿದರೆ ವೈದ್ಯರಲ್ಲಿಗೆ ಹೋಗುವ ನಾವು ಮನಸ್ಸು ಮುರಿದಾಗ ಬಾಗಿಲು ಹಾಕಿಕೊಳ್ಳುತ್ತೇವೆ. ನಿದ್ರೆ ವಾರಗಟ್ಟಲೆ ಹತ್ತದಿದ್ದರೆ, ಊಟ ರುಚಿಸದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಅಧೈರ್ಯವಲ್ಲ, ಚಿಕಿತ್ಸೆ ಬೇಡುವ ನೋವು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಪ್ರಧಾನ ಕೇಂದ್ರ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಾಹಿತ್ಯದ ಮಾತಿನ ನಡುವೆ ಇದೇಕೆ ಎನ್ನಬೇಡಿ. ಈ ಐದು ಅಂಕಿಗಳನ್ನು ಮನೆಯ ಪಂಚಾಂಗದ ಮೇಲೆ ಬರೆದಿಡಿ. ಕಾವ್ಯ ಮಾಡಲಾರದ ಕೆಲಸವನ್ನು ಅವು ಒಂದು ರಾತ್ರಿ ಮಾಡಬಹುದು.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ವ್ರತಗಳೇನೂ ಬೇಡ. ನೆಮ್ಮದಿಯ ದಿನಗಳಲ್ಲೇ ಆರಂಭಿಸಬೇಕು. ಹೊತ್ತಿಗೆ ಸರಿಯಾಗಿ ಮಲಗುವುದು, ದಿನಕ್ಕೊಂದಿಷ್ಟು ದೂರ ನಡೆಯುವುದು, ಸ್ವಲ್ಪ ಕಷ್ಟವೆನಿಸುವ ಒಂದು ಕೆಲಸವನ್ನು ತಾನಾಗಿ ಒಪ್ಪಿಕೊಂಡು ಮುಗಿಸುವುದು, ಒಬ್ಬಿಬ್ಬರು ಗೆಳೆಯರನ್ನಾದರೂ ಮನಬಿಚ್ಚಿ ಮಾತನಾಡುವಷ್ಟು ಹತ್ತಿರ ಇಟ್ಟುಕೊಳ್ಳುವುದು. ಕಷ್ಟ ಬಂದಾಗ ಅತ್ತುಬಿಡುವುದು, ಅತ್ತ ಮೇಲೆ ಅಂದಿನ ಪಾಲಿನ ಕೆಲಸವನ್ನು ಹುಡುಕುವುದು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ತಾಳುವುದೆಂದರೆ ಸುಮ್ಮನೆ ಕೂರುವುದಲ್ಲ, ಹೀಗೆ ದಿನದಿನವೂ ಹಾಸಿಗೆ ಸುತ್ತಿಡುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಕೊನೆಯದಾಗಿ ಬೀಟೆಯ ಮರದ ಅಡ್ಡಕೊಯ್ತವನ್ನು ಒಮ್ಮೆ ಗಮನಿಸಿ. ನಡುವೆ ಕಪ್ಪನೆಯ ಕೆಚ್ಚು, ಅದರ ಸುತ್ತ ಬಿಳಿಯ ಮೆದುವಾದ ಭಾಗ. ಬೇರಿನಿಂದ ಎಲೆಗೆ ನೀರು ಏರುವುದು ಆ ಮೆದುವಾದ ಭಾಗದಲ್ಲಿ. ಚಿಗುರು, ಹೂವು, ಕಾಯಿ ಎಲ್ಲಕ್ಕೂ ಆಧಾರ ಅದು. ಕೆಚ್ಚು ಇರುವುದು ಅದನ್ನು ಎತ್ತಿ ಹಿಡಿಯುವುದಕ್ಕಾಗಿ. ಮರವೆಲ್ಲ ಕೆಚ್ಚೇ ಆದರೆ ಆ ಮರ ಚಿಗುರುವುದಿಲ್ಲ. ಕೆಚ್ಚೇ ಇಲ್ಲದ ಟೊಳ್ಳು ಮರ ಚಿಗುರುತ್ತದೆ, ಆದರೆ ಬಿರುಗಾಳಿಗೆ ಮುರಿಯುವ ಭಯ ಅದಕ್ಕೆ ತಪ್ಪಿದ್ದಲ್ಲ. ಒಳಗೆ ಗಟ್ಟಿ, ಹೊರಗೆ ಮೃದು. ನಮ್ಮ ಮಕ್ಕಳಿಗೆ ನಾವು ಕೊಡಬಹುದಾದ ಬಲ ಇದು. ಅದನ್ನು ಕೊಡಲು ನಾವೂ ಅಷ್ಟಿಷ್ಟು ಗಳಿಸಿಕೊಂಡಿರಬೇಕು, ಅಷ್ಟೆ.